ಎಲ್ ಫಾಶರ್‌ನ ಕಳೆಯುವ ಲೆಕ್ಕ: ವಿದೇಶಾಂಗ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಡಾ. ಎಸ್. ಜೈಶಂಕರ್ ಅವರಿಗೆ ನಮಸ್ಕಾರಗಳು.

ನಾನು ದಾವಣಗೆರೆ ಜಿಲ್ಲೆ ಚನ್ನಗಿರಿ ತಾಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯ ಗಣಿತದ ಮೇಷ್ಟ್ರು. ಸುಡಾನಿನ ಎಲ್ ಫಾಶರ್ ಊರಿನಲ್ಲಿ ಯುದ್ಧಕ್ಕೆ ಸಿಕ್ಕಿ ಲೆಕ್ಕಕ್ಕೆ ಸಿಗದೆ ಹೋದವರ ಬಗ್ಗೆ ಬರೆಯುತ್ತಿದ್ದೇನೆ. ನಿಮ್ಮ ಇಲಾಖೆಗೂ ನನಗೂ ನಂಟು ಬಿದ್ದದ್ದು ಒಂದೇ ಸಲ, 2023ರ ಏಪ್ರಿಲ್‌ನಲ್ಲಿ, ಅದೂ ನೂರು ಪುಟದ ಒಂದು ನೋಟ್‌ಬುಕ್ಕಿನ ದೆಸೆಯಿಂದ.

ಆ ತಿಂಗಳ 15ಕ್ಕೆ ಸುಡಾನಿನಲ್ಲಿ ಜನರಲ್ ಬುರ್ಹಾನ್ ಕೈಯಲ್ಲಿದ್ದ ದೇಶದ ಸೇನೆಗೂ, ಹೆಮೆದ್ತಿ ಎಂದು ಕರೆಯುವ ದಗಾಲೊನ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಗೂ ಕಾಳಗ ಹತ್ತಿಕೊಂಡಿತು. ನಮ್ಮ ಕಡೆಯ ಹಕ್ಕಿಪಿಕ್ಕಿ ಜನ ಗಿಡಮೂಲಿಕೆ, ತಲೆಗೂದಲ ಎಣ್ಣೆ ಮಾರಲು ಹೋಗಿ ದಾರ್ಫುರ್ ಸೀಮೆಯ ಎಲ್ ಫಾಶರ್‌ನಲ್ಲಿ ಸಿಕ್ಕಿಕೊಂಡಿದ್ದರು. ಇಲ್ಲಿ ವಿಧಾನಸಭೆ ಚುನಾವಣೆಯ ಕಾವು. ಸಿದ್ದರಾಮಯ್ಯನವರು 31 ಮಂದಿ ಸಿಲುಕಿದ್ದಾರೆ ಎಂದು ಟ್ವೀಟ್ ಮಾಡಿದರು, ನೀವು ಸಿಟ್ಟಾದಿರಿ, ಟೀವಿಯವರಿಗೆ ಹಬ್ಬವಾಯಿತು. ಅದೇ ಹೊತ್ತಿಗೆ ನಮ್ಮ ತಾಲೂಕಿನ ಹಕ್ಕಿಪಿಕ್ಕಿ ಕ್ಯಾಂಪಿನ ಬೇವಿನ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ನಾನು ಹೆಸರು ಬರೆದುಕೊಳ್ಳುತ್ತಿದ್ದೆ. "ನೀವೇ ಬರೀರಿ ಮೇಷ್ಟ್ರೇ, ನಿಮ್ ಅಕ್ಷರ ಆಫೀಸಿನೋರಿಗೆ ತಿಳೀತದೆ" ಅಂದಿದ್ದಳು ನನ್ನ ಹಳೇ ಶಿಷ್ಯನೊಬ್ಬನ ಹೆಂಡತಿ. ಆ ಶಿಷ್ಯನೂ ಸುಡಾನಿನಲ್ಲೇ ಸಿಕ್ಕಿಕೊಂಡಿದ್ದ.

ಪುಟಕ್ಕೆ ಐದು ಗೆರೆ ಎಳೆದಿದ್ದೆ. ಹೆಸರು, ಫೋನು, ಯಾವ ಬೀದಿ, ಜೊತೆಗೆ ಎಷ್ಟು ಜನ, ನೀರಿದೆಯೇ. ಅರ್ಧ ದಿನದ ಕೆಲಸ ಅಂದುಕೊಂಡಿದ್ದೆ, ನಾಲ್ಕು ದಿನ ಹಿಡಿಯಿತು. ಒಬ್ಬನನ್ನೇ ಅವನ ಹೆಂಡತಿ ಒಂದು ಹೆಸರಲ್ಲಿ ಬರೆಸಿದಳು, ಅತ್ತಿಗೆ ಇನ್ನೊಂದು ಹೆಸರಲ್ಲಿ ಬರೆಸಿದಳು, ಪಾಸ್‌ಪೋರ್ಟಿನಲ್ಲಿ ಇದ್ದದ್ದು ಮೂರನೆಯದು. ಹಕ್ಕಿಪಿಕ್ಕಿಗಳಲ್ಲಿ ಹೈಕೋರ್ಟು, ಕಾಫಿ ಅಂತೆಲ್ಲ ಹೆಸರಿರುವುದನ್ನು ಪತ್ರಿಕೆಯವರು ತಮಾಷೆಯಾಗಿ ಬರೆಯುತ್ತಾರೆ. ಪಟ್ಟಿ ಮಾಡಲು ಕೂತವನಿಗೆ ಅದು ತಮಾಷೆಯಲ್ಲ. ಅಲ್ಲಿಂದ ದಿನಕ್ಕೊಂದು ಸಲ ಎರಡು ನಿಮಿಷ ಫೋನು ಬರುತ್ತಿತ್ತು. ಕರೆಂಟಿಲ್ಲ, ಚಾರ್ಜು ಉಳಿಸಬೇಕು. ಆ ಎರಡು ನಿಮಿಷದಲ್ಲಿ ಹೆಂಡತಿ ಅಳುವುದು ಮುಗಿದ ಮೇಲೆ ಮಿಕ್ಕಿದ್ದರೆ ನನ್ನ ಪಾಳಿ. ಒಂದು ದಿನ ಜೊತೆಗೆ ಏಳು ಜನ ಅಂದವನು ಮರುದಿನ ಹನ್ನೊಂದು ಅಂದ. ಸುಳ್ಳು ಹೇಳಿದ್ದಲ್ಲ, ರಾತ್ರಿ ಪಕ್ಕದ ಬೀದಿಗೆ ಶೆಲ್ ಬಿದ್ದು ಅಲ್ಲಿದ್ದವರು ಇವರ ಕೋಣೆಗೆ ಬಂದಿದ್ದರು. ಎಣಿಸುತ್ತ ಹೋದಂತೆ 31 ಅಂತ ಶುರುವಾದ ಸಂಖ್ಯೆ ರಾಜ್ಯದ ಪಟ್ಟಿಗಳಲ್ಲಿ ನೂರು ದಾಟಿತು.

ನಿಮ್ಮವರು ಅವರನ್ನು ಕರೆತಂದರು. ಆಪರೇಷನ್ ಕಾವೇರಿ, ಏಪ್ರಿಲ್ 24ರಿಂದ ಮೇ 5, ಒಟ್ಟು 3,862 ಜನ. ಎಲ್ ಫಾಶರ್‌ನಿಂದ ಸಾವಿರ ಕಿಲೋಮೀಟರಿಗೂ ಮೀರಿದ ದಾರಿ ಸವೆಸಿ ಪೋರ್ಟ್ ಸುಡಾನ್, ಅಲ್ಲಿಂದ ಹಡಗಿನಲ್ಲೋ ವಿಮಾನದಲ್ಲೋ ಜೆಡ್ಡಾ, ಆಮೇಲೆ ಊರು. ಋಣ ಋಣವೇ, ಅದನ್ನು ಮೊದಲು ಹೇಳಿಬಿಡುತ್ತೇನೆ. ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ಅಲ್ಲಿರುವವರ ವಿವರ, ಇರುವ ಜಾಗ ಬಹಿರಂಗ ಮಾಡಲಾಗದು, ಅವರ ಸುರಕ್ಷತೆಯ ಪ್ರಶ್ನೆ ಎಂದು ಆಗ ನೀವು ಹೇಳಿದ್ದಿರಿ. ಇದು ಹಾರಿಕೆಯ ಮಾತು ಎಂದು ಸ್ಟಾಫ್ ರೂಮಿನಲ್ಲಿ ನಾನು ಬೈದಿದ್ದೆ. ಆ ಮಾತಿನಲ್ಲಿ ನೀವು ಸರಿ, ನಾನು ತಪ್ಪು.

ನಮ್ಮವರು ಬಂದರು. ಎಲ್ ಫಾಶರ್ ಅಲ್ಲೇ ಉಳಿಯಿತು. ಈ ಪತ್ರ ಅದರದ್ದು.

ನನ್ನ ಶಿಷ್ಯ ಈಗ ಕ್ಯಾಂಪಿನಲ್ಲೇ ಇದ್ದಾನೆ. ಸುಡಾನಿನ ಸುದ್ದಿ ಕನ್ನಡದ ಪೇಪರಿಗೆ ಬರುವುದು ಅಪರೂಪ. ಹಾಗಾಗಿ ಅಂತರರಾಷ್ಟ್ರೀಯ ವಲಸೆ ಸಂಸ್ಥೆ ಹೊರಡಿಸುವ ವರದಿಗಳನ್ನು ಇಬ್ಬರೂ ಮೊಬೈಲಿನಲ್ಲಿ ತೆರೆದು ಕೂರುತ್ತೇವೆ. ನಾನು ಅಂಕಿ ಓದುತ್ತೇನೆ, ಅವನು ಊರಿನ ಹೆಸರು ಓದುತ್ತಾನೆ. ಆ ವರದಿಗಳ ಹಿಂದಿನ ಎಣಿಕೆ ವ್ಯವಸ್ಥೆಗೆ ಡಿಟಿಎಂ, ಅಂದರೆ ಡಿಸ್‌ಪ್ಲೇಸ್‌ಮೆಂಟ್ ಟ್ರ್ಯಾಕಿಂಗ್ ಮ್ಯಾಟ್ರಿಕ್ಸ್ ಎಂದು ಹೆಸರು. 2004ರಲ್ಲಿ ಇರಾಕಿನಲ್ಲಿ ಶುರುವಾದದ್ದು, 2010ರ ಹೈಟಿ ಭೂಕಂಪದ ನಂತರ ದೊಡ್ಡದಾಗಿ ಬೆಳೆದದ್ದು. ನಿಮಗೆ ಇದೆಲ್ಲ ಗೊತ್ತಿರುತ್ತದೆ, ಪತ್ರ ಬಹಿರಂಗವಾದ್ದರಿಂದ ಓದುಗರಿಗಾಗಿ ಹೇಳುತ್ತಿದ್ದೇನೆ. ಆ ಹೆಸರು ಕೇಳಿ ಉಪಗ್ರಹ, ಕಂಪ್ಯೂಟರು ಅಂತೆಲ್ಲ ಅಂದುಕೊಂಡಿದ್ದ ನನಗೆ ಒಳಗೆ ಹೊಕ್ಕು ನೋಡಿದರೆ ಕಂಡದ್ದು ನನ್ನ ನೋಟ್‌ಬುಕ್ಕೇ. ಹಳ್ಳಿಹಳ್ಳಿಗೆ ಗಣತಿದಾರರು ಇರುತ್ತಾರೆ. ಅವರು ಮನೆಮನೆ ಸುತ್ತುವುದಿಲ್ಲ, ಯುದ್ಧದ ನಡುವೆ ಅದು ಆಗುವ ಮಾತಲ್ಲ. ಊರಿನ ವಿಚಾರ ಬಲ್ಲ ಕೆಲವರನ್ನು ಹಿಡಿಯುತ್ತಾರೆ. ಶೇಖ್ ಇರಬಹುದು, ಮೇಷ್ಟ್ರು ಇರಬಹುದು, ಪರಿಹಾರ ಸಮಿತಿಯವರು ಇರಬಹುದು. ಈ ವಾರ ಎಷ್ಟು ಮನೆತನ ಬಂದವು, ಎಲ್ಲಿಂದ, ಎಲ್ಲಿ ಉಳಿದಿದ್ದಾರೆ, ಎಷ್ಟು ಜನ ಮುಂದಕ್ಕೆ ಹೋದರು ಎಂದು ಕೇಳುತ್ತಾರೆ. ಒಬ್ಬರ ಮಾತನ್ನು ಇನ್ನೊಬ್ಬರ ಮಾತಿನೊಡನೆ ತಾಳೆ ನೋಡುತ್ತಾರೆ. ದಾಳಿ ನಡೆದ ಕೂಡಲೇ ಒಂದು ತುರ್ತು ಅಂದಾಜು ಹೊರಬೀಳುತ್ತದೆ, ನಿಧಾನವಾಗಿ ಸೋಸಿದ ಲೆಕ್ಕ ಆಮೇಲೆ ಬರುತ್ತದೆ. ಸುಡಾನಿನ 18 ರಾಜ್ಯಗಳಲ್ಲೂ ಹೀಗೆ.

ಎರಡು ಜಾತಿ ಸಮೀಕ್ಷೆ, ಒಂದು ಜನಗಣತಿ ಮಾಡಿದವನು ನಾನು. 2025ರ ದಸರಾ ರಜೆಯಲ್ಲಿ ಮನೆ ಬಾಗಿಲಿನ ಸ್ಟಿಕರ್ ಹುಡುಕುತ್ತ, ಕರೆಂಟ್ ಮೀಟರಿನ ಆರ್‌ಆರ್ ನಂಬರ್ ಹೊಂದಿಸುತ್ತ, ಒಟಿಪಿ ಬಾರದ ಆ್ಯಪಿನ ಮುಂದೆ ಕೂತು 60 ಪ್ರಶ್ನೆ ಕೇಳಿದವನು. ಶಾಂತಿ ಇರುವ ಊರಲ್ಲಿ, ಚಹಾ ಕೊಟ್ಟು ಕೂರಿಸುವ ಜನರ ನಡುವೆ ಲೆಕ್ಕ ಸರಿ ಮಾಡುವುದೇ ಎಷ್ಟು ಕಷ್ಟ ಎಂದು ಬಲ್ಲೆ. ಹಾಗಾಗಿ ಆ ಗಣತಿದಾರರ ಬಗ್ಗೆ ನನಗೆ ವಿಪರೀತ ಗೌರವ. 2024ರ ಫೆಬ್ರವರಿಯಲ್ಲಿ ದೇಶದ ಬಹುಭಾಗದಲ್ಲಿ ಫೋನು, ಇಂಟರ್ನೆಟ್ ಎರಡೂ ಸತ್ತಿದ್ದವು. ಅಂಥ ದಿನಗಳಲ್ಲಿ ಊರಿನವರನ್ನು ಕೇಳುವುದಾದರೂ ಹೇಗೆ?

ಎಣಿಸುವುದಕ್ಕೆ ಯಾಕೆ ದುಡ್ಡು ಸುರಿಯಬೇಕು, ಆ ದುಡ್ಡಿಗೂ ಜೋಳ ಕೊಡಬಾರದೇ ಎಂಬ ವಾದ ಇದೆ. ಹೊಟ್ಟೆಗೆ ಹಿಟ್ಟಿಲ್ಲದಿರುವಾಗ ಜುಟ್ಟಿಗೆ ಮಲ್ಲಿಗೆ ಹೂವೇ ಎಂದು ನನ್ನ ಸಹೋದ್ಯೋಗಿಯೊಬ್ಬರು ಕೇಳಿದರು. ಬೋರ್ಡಿನ ಮೇಲೆ ಬರೆದು ತೋರಿಸಿದೆ. ಎಲ್ ಫಾಶರ್‌ನಿಂದ ಪಶ್ಚಿಮಕ್ಕೆ ಸುಮಾರು 60 ಕಿಲೋಮೀಟರ್ ದೂರದಲ್ಲಿ ತಾವಿಲಾ ಎಂಬ ಸಣ್ಣ ಪಟ್ಟಣ ಇದೆ. ಓಡಿಬಂದವರು ಸೇರಿ ಸೇರಿ ಅಲ್ಲಿ ಆರೂವರೆ ಲಕ್ಷಕ್ಕೂ ಹೆಚ್ಚು ನಿರಾಶ್ರಿತರಾದರು. ಪರಿಹಾರ ಕೆಲಸದವರು ಒಪ್ಪಿಕೊಂಡಿರುವ ಕನಿಷ್ಠ ಅಳತೆ ತಲೆಗೆ ದಿನಕ್ಕೆ 15 ಲೀಟರ್ ನೀರು, 20 ಜನಕ್ಕೆ ಒಂದು ಕಕ್ಕಸು. ಆರೂವರೆ ಲಕ್ಷಕ್ಕೆ ಹದಿನೈದರಿಂದ ಗುಣಿಸಿದರೆ 97.5 ಲಕ್ಷ ಲೀಟರ್. ನಮ್ಮ ಬೀದಿಗೆ ಬೇಸಿಗೆಯಲ್ಲಿ ಬರುವ ಹತ್ತು ಸಾವಿರ ಲೀಟರಿನ ಟ್ಯಾಂಕರ್ ಹಿಡಿದರೆ ದಿನಕ್ಕೆ 975 ಟ್ಯಾಂಕರ್. ಕಕ್ಕಸು 32,500. ಈಗ ಎಣಿಕೆಯಲ್ಲಿ ಒಂದು ಲಕ್ಷ ಜನ ತಪ್ಪಿಹೋದರು ಅನ್ನಿ, ದಿನಕ್ಕೆ 150 ಟ್ಯಾಂಕರ್ ಕಡಿಮೆ ಬರುತ್ತದೆ. ಕಡಿಮೆ ಬಿದ್ದಲ್ಲಿ ಜನ ಹಳ್ಳದ ನೀರು ಕುಡಿಯುತ್ತಾರೆ. 2025ರಲ್ಲಿ ತಾವಿಲಾಕ್ಕೆ ಕಾಲರಾ ಬಂತು. ಸಹೋದ್ಯೋಗಿ ಡಸ್ಟರ್ ತೆಗೆದುಕೊಂಡು ಬೋರ್ಡು ಒರೆಸಿದರು, ಮಲ್ಲಿಗೆ ಹೂವಿನ ಮಾತು ಮತ್ತೆ ಎತ್ತಲಿಲ್ಲ.

ಇನ್ನೊಂದು ಕಣ್ಣಿಗೆ ಬೀಳದ ಸಂಗತಿ. ನಿರಾಶ್ರಿತ ಅಂದರೆ ನಮಗೆ ಡೇರೆ ನೆನಪಾಗುತ್ತದೆ. ಸುಡಾನಿನಲ್ಲಿ ಮನೆ ಬಿಟ್ಟವರಲ್ಲಿ ಬಹಳ ಮಂದಿ ಡೇರೆಯಲ್ಲಿಲ್ಲ, ನೆಂಟರ ಮನೆಯಲ್ಲಿ, ಶಾಲೆಗಳಲ್ಲಿ, ಅರ್ಧ ಕಟ್ಟಿದ ಕಟ್ಟಡಗಳಲ್ಲಿ ಇದ್ದಾರೆ. 2019ರ ನೆರೆಯಲ್ಲಿ ನಮ್ಮ ಉತ್ತರ ಕರ್ನಾಟಕದಲ್ಲಿ ಹೀಗೇ ಆಯಿತು. ಪರಿಹಾರ ಕೇಂದ್ರಕ್ಕೆ ಬಂದವರು ಕಣ್ಣಿಗೆ ಬಿದ್ದರು, ತಂಗಿಯ ಮನೆಗೆ ಹೋದವರು ಆಟಕ್ಕುಂಟು ಲೆಕ್ಕಕ್ಕಿಲ್ಲ. ಅಲ್ಲಿ ತಂಗಿಯ ಮನೆಯಲ್ಲಿ ಮೊದಲೇ ಎಂಟು ಜನ, ಬಂದವರು ಹನ್ನೆರಡು, ಜೋಳದ ಮೂಟೆ ಒಂದು. ಹೀಗೆ ಸುಡಾನಿನೊಳಗೇ ಮನೆ ಬಿಟ್ಟವರು, ಹಳೆಯ ದಾರ್ಫುರ್ ಯುದ್ಧದ ಕಾಲದಿಂದ ಅಲೆಯುತ್ತಿರುವವರನ್ನೂ ಸೇರಿಸಿ, 2025ರ ಆರಂಭದಲ್ಲಿ ಸುಮಾರು 1 ಕೋಟಿ 15 ಲಕ್ಷ. ಅರ್ಧಕ್ಕಿಂತ ಹೆಚ್ಚು ಮಂದಿ 18 ತುಂಬದವರು. ಗಡಿ ದಾಟಿ ಚಾಡ್, ಈಜಿಪ್ಟ್, ದಕ್ಷಿಣ ಸುಡಾನ್ ಸೇರಿದವರು ಬೇರೆ. ಆಮೇಲೆ ಖಾರ್ಟೂಮ್, ಜಜೀರಾ ಕಡೆಗೆ ಲಕ್ಷಗಟ್ಟಲೆ ಜನ ವಾಪಸಾದರು, ಸಂಖ್ಯೆ ಇಳಿಯಿತು. ವಾಪಸಾದವರಿಗೆ ಮನೆ ಇತ್ತೇ, ಬಾಗಿಲು ಇತ್ತೇ ಎನ್ನುವುದು ಇಳಿದ ಸಂಖ್ಯೆಯಲ್ಲಿ ಕಾಣುವುದಿಲ್ಲ.

ಈಗ ನಾನು ಬರೆಯಲು ಕೂತ ಕಾರಣಕ್ಕೆ ಬರುತ್ತೇನೆ. ಹದಿನೆಂಟು ತಿಂಗಳ ಮುತ್ತಿಗೆಯ ಬಳಿಕ, 2025ರ ಅಕ್ಟೋಬರ್ 26ರಂದು ಎಲ್ ಫಾಶರ್ ಆರ್‌ಎಸ್‌ಎಫ್ ಕೈಗೆ ಬಿತ್ತು. ಊರಿನ ಸುತ್ತ ಅವರು ಮಣ್ಣಿನ ಏರಿ ಎತ್ತಿದ್ದರು, ಯಾರೂ ಹೊರಗೆ ಹೋಗದಂತೆ. ಒಳಗೆ ಉಳಿದಿದ್ದ ನಾಗರಿಕರು ಸುಮಾರು 2 ಲಕ್ಷ 60 ಸಾವಿರ ಎಂದು ವಿಶ್ವಸಂಸ್ಥೆಯ ಅಂದಾಜು. ಅದೇ ವಾರ ಡಿಟಿಎಂನ ತುರ್ತು ಅಂಕಿಗಳು ಒಂದಾದ ಮೇಲೊಂದು ಬರತೊಡಗಿದವು. ಓಡಿದವರು 26 ಸಾವಿರ, 36 ಸಾವಿರ, 60 ಸಾವಿರ, ನವೆಂಬರ್ ಮೊದಲ ವಾರಕ್ಕೆ 80 ಸಾವಿರ, ಆ ತಿಂಗಳ ಕೊನೆಗೆ ಒಂದು ಲಕ್ಷದ ಮೇಲೆ. ಮೊದಲ ಐದು ದಿನದಲ್ಲಿ ತಾವಿಲಾ ತಲುಪಿದವರು ಮಾತ್ರ ಸುಮಾರು 5 ಸಾವಿರ ಎಂದು ಅಲ್ಲಿದ್ದ ಎಂಎಸ್‌ಎಫ್ (ಗಡಿಗಳಿಲ್ಲದ ವೈದ್ಯರ ಸಂಸ್ಥೆ) ವೈದ್ಯರು ಹೇಳಿದರು. ಅವರು ತಾವಿಲಾದಲ್ಲಿ ದಾರಿ ಕಾಯುತ್ತಿದ್ದರು, ಜನ ಬರಲಿಲ್ಲ.

ಆ ದಿನಗಳಲ್ಲಿ ಒಂದು ಸಂಜೆ ಶಿಷ್ಯ ನನ್ನ ಮನೆ ಜಗಲಿಯಲ್ಲಿದ್ದ. ಮೊಬೈಲಿನಲ್ಲಿ ನಕಾಶೆ ಹಿಗ್ಗಿಸಿ ಸೌದಿ ಆಸ್ಪತ್ರೆ ತೋರಿಸಿದ. ಬಾಣಂತಿಯರ ಆಸ್ಪತ್ರೆ. ಅಲ್ಲಿ 460ಕ್ಕೂ ಹೆಚ್ಚು ಜನರನ್ನು ಕೊಂದ ವರದಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಹೇಳಿತ್ತು. ಯೇಲ್ ವಿಶ್ವವಿದ್ಯಾಲಯದವರು ಉಪಗ್ರಹ ಚಿತ್ರ ನೋಡಿ, ನೆಲದ ಮೇಲೆ ಹೆಣಗಳಂತೆ ಕಾಣುವ ಗುಂಪುಗಳಿವೆ, ಮಣ್ಣು ಕೆಂಪಾಗಿದೆ ಎಂದಿದ್ದರು. ಅವನು ಆ ಸುದ್ದಿ ಓದಲಿಲ್ಲ. ಆಸ್ಪತ್ರೆಯಿಂದ ಬೆರಳು ಜಾರಿಸಿ ಒಂದು ಬೀದಿಯ ತಿರುವಿಗೆ ತಂದು ನಿಲ್ಲಿಸಿದ. "ಇಲ್ಲಿ ಒಬ್ಬ ಅವ್ವ ಚಾ ಮಾರ್ತಿದ್ಲು ಮೇಷ್ಟ್ರೇ. ಸಿತ್ತ್ ಅಶ್ಶಾಯ್ ಅಂತಾರೆ ಅವ್ರನ್ನ. ನಮ್ ಫೋನೆಲ್ಲಾ ಚಾರ್ಜ್ ಆಗ್ತಿದ್ದಿದ್ದು ಅವಳ ಮಗನ ಸೋಲಾರ್‌ನಲ್ಲಿ. ದುಡ್ಡು ಕೊಟ್ರೆ ತಗೋತಿರ್ಲಿಲ್ಲ." ನನ್ನ ನೋಟ್‌ಬುಕ್ಕಿಗೆ ಬಂದ ಅಷ್ಟೂ ಹೆಸರು ಆ ಹೆಂಗಸಿನ ಮಗನ ಸೋಲಾರ್ ತಟ್ಟೆಯ ಮೇಲೆ ನಿಂತಿದ್ದವು ಎಂದು ನನಗೆ ಅವತ್ತೇ ಗೊತ್ತಾದದ್ದು.

ಏಳನೇ ತರಗತಿಯ ಲೆಕ್ಕ ಸಚಿವರೇ. ಎರಡು ಲಕ್ಷ ಅರವತ್ತು ಸಾವಿರದಲ್ಲಿ ಒಂದು ಲಕ್ಷ ಚಿಲ್ಲರೆ ಕಳೆದರೆ ಉಳಿಯುವುದು ಒಂದೂವರೆ ಲಕ್ಷ. ಮೂಲ ಅಂದಾಜು ತಪ್ಪಿರಬಹುದು, ಕೆಲವರು ಮೊದಲೇ ಹೊರಬಿದ್ದಿರಬಹುದು, ಕೆಲವರು ಇನ್ನೂ ಒಳಗಿರಬಹುದು, ಸೆರೆಯಲ್ಲಿರಬಹುದು. ಇವೆಲ್ಲ ಸೇರಿಸಿ ಎಷ್ಟು ಬೇಕಾದರೂ ಕಡಿಮೆ ಮಾಡಿಕೊಳ್ಳಿ, ಶೇಷ ಸೊನ್ನೆ ಆಗುವುದಿಲ್ಲ. ಸ್ಥಳಾಂತರದ ವರದಿಗಳಲ್ಲಿ ತಲುಪಿದವರಿಗೆ ಕಾಲಂ ಇದೆ, ಹೊರಟವರಿಗೆ ಕಾಲಂ ಇದೆ, ಮರಳಿದವರಿಗೆ ಇದೆ. ಅಲ್ಲಿದ್ದರು, ಈಗ ಎಲ್ಲೂ ಇಲ್ಲ ಎನ್ನುವವರಿಗೆ ಕಾಲಂ ಇಲ್ಲ. ಡಿಟಿಎಂ ಮಾಡಿದ ತಪ್ಪು ಇದು ಎಂದು ನಾನು ಹೇಳುತ್ತಿಲ್ಲ. ಅದು ಹುಟ್ಟಿದ್ದೇ ಬಂದವರಿಗೆ ನೆರವು ಮುಟ್ಟಿಸಲಿಕ್ಕೆ. ಆದರೆ ಎಲ್ ಫಾಶರ್ ಪಕ್ಕದ ಝಂಝಂ ನಿರಾಶ್ರಿತರ ಶಿಬಿರದ ಕತೆಯೂ ಇದೇ. 2024ರ ಆಗಸ್ಟ್‌ನಲ್ಲಿ ಅಲ್ಲಿ ಬರಗಾಲ ಎಂದು ಘೋಷಣೆಯಾಯಿತು, 2025ರ ಏಪ್ರಿಲ್‌ನಲ್ಲಿ ಶಿಬಿರದ ಮೇಲೆ ದಾಳಿಯಾಗಿ ಎರಡು ಮೂರು ದಿನದಲ್ಲಿ ಸುಮಾರು ನಾಲ್ಕು ಲಕ್ಷ ಜನ ಚೆಲ್ಲಾಪಿಲ್ಲಿಯಾದರು. ಅವರಲ್ಲಿ ಒಂದಷ್ಟು ಮಂದಿ ಓಡಿಹೋದದ್ದು ಎಲ್ ಫಾಶರ್‌ಗೇ. ಅಂಥವರನ್ನು ಎರಡು ಸಲ ಕೂಡಿ ಎರಡು ಸಲ ಕಳೆಯಬೇಕು.

ಸಂಖ್ಯೆ ಕಡಿಮೆ ತೋರಿಸುವುದರಿಂದ ಏನಾಗುತ್ತದೆ ಎಂಬುದಕ್ಕೆ ದೂರದ ಸಾಕ್ಷಿ ಬೇಡ, ನಮ್ಮ ಪಕ್ಕದ ಮನೆಯದ್ದೇ ಇದೆ. 2009ರಲ್ಲಿ ಶ್ರೀಲಂಕಾದ ವನ್ನಿಯಲ್ಲಿ ಯುದ್ಧದ ನಡುವೆ ಸಿಕ್ಕಿಕೊಂಡಿದ್ದವರು ಸುಮಾರು 70 ಸಾವಿರ ಎಂದಿತು ಅಲ್ಲಿನ ಸರ್ಕಾರ. ಆಹಾರ, ಔಷಧ ಹೋದದ್ದೂ ಆ ಅಳತೆಯಲ್ಲೇ. ಅಲ್ಲಿದ್ದವರು 3 ಲಕ್ಷ 30 ಸಾವಿರದವರೆಗೆ ಇದ್ದಿರಬಹುದು ಎಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ 2011ರಲ್ಲಿ ಬರೆಯಿತು. ಸತ್ತವರೆಷ್ಟು ಎಂಬ ಜಗಳ ಇವತ್ತಿಗೂ ನಡೆದಿದೆ, ಯಾಕೆಂದರೆ ಇದ್ದವರೆಷ್ಟು ಎಂದು ಆಗ ಒಪ್ಪಲಿಲ್ಲ.

ಇಷ್ಟರ ಮೇಲೆ ಎಣಿಸುವವರಿಗೇ ಕಾಸಿಲ್ಲ. 2025ರ ಜನವರಿಯಲ್ಲಿ ಅಮೆರಿಕ ನೆರವು ನಿಲ್ಲಿಸಿದಾಗ, 1985ರಿಂದ ಬರಗಾಲದ ಮುನ್ಸೂಚನೆ ಕೊಡುತ್ತಿದ್ದ ಫ್ಯೂಸ್‌ನೆಟ್ ಬಾಗಿಲು ಹಾಕಿತು. ತಿಂಗಳುಗಳಾದ ಮೇಲೆ ಮತ್ತೆ ತೆರೆಯಿತು ನಿಜ, ಆದರೆ ಹಸಿವು ಅಷ್ಟು ದಿನ ರಜೆ ಹಾಕಿರಲಿಲ್ಲ. ಸುಡಾನಿನ ಹುಡುಗ ಹುಡುಗಿಯರು ತಾವೇ ಕಟ್ಟಿಕೊಂಡ 'ತುರ್ತು ಸ್ಪಂದನಾ ಕೋಣೆ' ಎಂಬ ನೆರವಿನ ಗುಂಪುಗಳು ನಡೆಸುತ್ತಿದ್ದ ಗಂಜಿ ಅಡುಗೆಮನೆಗಳು ನೂರಾರು ಸಂಖ್ಯೆಯಲ್ಲಿ ಮುಚ್ಚಿದವು. ಇವತ್ತು ಯಾವ ಬೀದಿಯಲ್ಲಿ ಎಷ್ಟು ಬಾಯಿ ಎಂದು ಜಿನೀವಾದ ದೊಡ್ಡ ಕಚೇರಿಗಳಿಗಿಂತ ಚೆನ್ನಾಗಿ ಗೊತ್ತಿದ್ದದ್ದು ಅವರಿಗೆ. ಸೌಟು ಹಿಡಿದವನಿಗಿಂತ ಒಳ್ಳೆಯ ಗಣತಿದಾರ ಯಾರು?

ಹಾಗಾಗಿ ನನ್ನ ಅರಿಕೆ. ಭಾರತ ಆ ವಲಸೆ ಸಂಸ್ಥೆಯ ಸದಸ್ಯ ದೇಶ. ಸುಡಾನಿಗೆ ಕಳಿಸುವ ಔಷಧ, ಧಾನ್ಯದ ಜೊತೆಗೆ ಎಣಿಕೆಗೆಂದೇ ಒಂದು ಪಾಲು ಎತ್ತಿಡಿ. ಇಷ್ಟು ದೊಡ್ಡ ದೇಶವನ್ನು ತಲೆ ಎಣಿಸಿ ಅಭ್ಯಾಸವಿರುವ ಜನ ನಾವು, ನಮ್ಮ ಗಣತಿ ಇಲಾಖೆಯ ಅನುಭವಿಗಳಲ್ಲಿ ಹತ್ತು ಮಂದಿಯನ್ನು ಪೋರ್ಟ್ ಸುಡಾನಿಗೋ ಚಾಡ್ ಗಡಿಗೋ ಎರವಲು ಕೊಟ್ಟರೆ ನಾವೇನೂ ಬಡವಾಗುವುದಿಲ್ಲ. ಆಕಾಶದಿಂದ ನೋಡುವ ಕಣ್ಣುಗಳೂ ನಮ್ಮಲ್ಲಿವೆ. ಒಂದು ಊರಿನ ಸೂರುಗಳು ಸುಟ್ಟಿವೆಯೇ, ಇನ್ನೊಂದು ಊರಿನ ಬಯಲಲ್ಲಿ ರಾತ್ರೋರಾತ್ರಿ ಡೇರೆ ಎದ್ದಿವೆಯೇ ಎಂದು ಹೇಳಲು ಆ ಚಿತ್ರಗಳು ಸಾಕು. ಬಂದವರ ಕಾಲಂ ಪಕ್ಕದಲ್ಲಿ ಬಾರದವರ ಕಾಲಂ ಒಂದು ಇರಲಿ ಎಂದು ವಿಶ್ವಸಂಸ್ಥೆಯಲ್ಲಿ ನಿಮ್ಮ ರಾಯಭಾರಿಯಿಂದ ಕೇಳಿಸಿ. ಉತ್ತರ ಬಾರದಿದ್ದರೂ ಆ ಕಾಲಂ ಖಾಲಿ ಇರುವುದು ಎಲ್ಲರಿಗೂ ಕಾಣಲಿ.

ಹೆಸರುಗಳ ವಿಷಯದಲ್ಲಿ ಮಾತ್ರ ನಿಮ್ಮ 2023ರ ಮಾತೇ ನಡೆಯಲಿ. ಯಾವ ಜನಾಂಗದವರು ಯಾವ ಶಾಲೆಯಲ್ಲಿ ಮಲಗಿದ್ದಾರೆ ಎಂಬ ಪಟ್ಟಿ ಬಂದೂಕಿನವನ ಕೈಗೆ ಸಿಕ್ಕರೆ ಅದು ಪಡಿತರ ಚೀಟಿಯಲ್ಲ, ಮರಣದ ಚೀಟಿ. ದಾರ್ಫುರ್‌ನಲ್ಲಿ ಮಸಾಲಿತ್, ಝಘಾವಾ ಜನಾಂಗದವರು ಎಂದು ಹುಡುಕಿ ಕೊಂದದ್ದು ಗುಟ್ಟಲ್ಲ. ತಲೆಯೆಣಿಕೆ ಲೋಕಕ್ಕೆ ತಿಳಿಯಲಿ, ಹೆಸರು ಬೀಗದಲ್ಲಿರಲಿ.

ನಿಮ್ಮ ಖಾತೆಗೆ ಸೇರದ ಒಂದು ಮಾತಿಗೆ ಕ್ಷಮೆ ಇರಲಿ. ಆಪರೇಷನ್ ಕಾವೇರಿ ಮುಗಿದದ್ದು 2023ರ ಮೇ 5ಕ್ಕೆ. ಮಣಿಪುರ ಹೊತ್ತಿಕೊಂಡದ್ದು ಮೇ 3ಕ್ಕೆ. ಸುಮಾರು 60 ಸಾವಿರ ಜನ ಮನೆ ಬಿಟ್ಟರು ಎಂಬ ಅಂಕಿಯನ್ನೇ ಆವತ್ತಿನಿಂದ ಎಲ್ಲರೂ ಹೇಳುತ್ತ ಬಂದಿದ್ದೇವೆ. ಶಿಬಿರದ ಹೊರಗೆ ನೆಂಟರ ಮನೆಯಲ್ಲಿ, ಪಕ್ಕದ ರಾಜ್ಯದ ಬಾಡಿಗೆ ಕೋಣೆಯಲ್ಲಿ ಇರುವವರನ್ನು ನಿಗದಿತವಾಗಿ ಎಣಿಸಬೇಕೆಂಬ ಕಾನೂನು ನಮ್ಮಲ್ಲಿಲ್ಲ. ದೇಶದೊಳಗೇ ನಿರಾಶ್ರಿತರಾದವರ ಬಗ್ಗೆ ವಿಶ್ವಸಂಸ್ಥೆಯ 1998ರ ಮಾರ್ಗಸೂಚಿ ತತ್ವಗಳಿವೆ. ಅವು ರೂಪುಗೊಂಡದ್ದು ಸುಡಾನಿನಲ್ಲೇ ಹುಟ್ಟಿದ ಫ್ರಾನ್ಸಿಸ್ ಡೆಂಗ್ ಅವರ ಮುಂದಾಳತ್ವದಲ್ಲಿ. ಸುಡಾನಿಗೆ ಎಣಿಸುವವರನ್ನು ಕಳಿಸುವ ದಿನ ಗೃಹ ಸಚಿವರ ಮೇಜಿನ ಮೇಲೂ ಅದರ ಒಂದು ಪ್ರತಿ ಇಟ್ಟು ಬನ್ನಿ.

ಶಿಷ್ಯ ಈಗಲೂ ವಾರಕ್ಕೊಮ್ಮೆ ಆ ಚಾ ಮಾರುವವಳ ಮಗನ ನಂಬರಿಗೆ ಫೋನು ಮಾಡುತ್ತಾನೆ. ಅರಬ್ಬಿಯಲ್ಲಿ ಒಂದು ಹೆಣ್ಣು ದನಿ ಏನೋ ಹೇಳುತ್ತದೆ, ನಮ್ಮಲ್ಲಿ ಸ್ವಿಚ್ ಆಫ್ ಎನ್ನುವ ಹಾಗೆ. ಮೊನ್ನೆ ಬಂದವನು ನೋಟ್‌ಬುಕ್ ತೆಗೆಸಿ, ಕೊನೆಯ ಪುಟದಲ್ಲಿ ಅವರಿಬ್ಬರನ್ನೂ ಬರೆಯಿರಿ ಅಂದ. ಅದೇ ಐದು ಗೆರೆ ಎಳೆದು ಬರೆದೆ. ಯಾವ ಬೀದಿ ಎಂಬಲ್ಲಿ ಅವನು ಹೇಳಿದ ತಿರುವನ್ನು ಬರೆದೆ. ನೀರಿದೆಯೇ ಎಂಬಲ್ಲಿ ಏನೂ ಬರೆಯಲಿಲ್ಲ. ಆ ಪುಸ್ತಕದ ಜೆರಾಕ್ಸ್ ನಿಮ್ಮ ಕಚೇರಿಗೆ ಉಪಯೋಗ ಬರುವುದಾದರೆ ಕಳಿಸಿಕೊಡುತ್ತೇನೆ. ಹೆಸರು, ಫೋನ್ ನಂಬರುಗಳ ಮೇಲೆ ಕಪ್ಪು ಇಂಕು ಬಳಿದಿರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಗಣಿತದ ಮೇಷ್ಟ್ರು
ಚನ್ನಗಿರಿ ತಾಲೂಕು